ದಿನಾ ಬಿಸಿಲಲ್ಲಿರೋ ರೈತನಿಗೆ ಲೈಟ್ ಟ್ರೀಟ್‌ಮೆಂಟ್ ಯಾಕೆ? ಸೋರಿಯಾಸಿಸ್ ಜೊತೆ ನನ್ನ ಅನುಭವ

ಸೋರಿಯಾಸಿಸ್ ಅನ್ನೋ ಚರ್ಮದ ಕಾಯಿಲೆಗೆ ಲೈಟ್ ಟ್ರೀಟ್‌ಮೆಂಟ್ ತಗೋತಿದೀನಿ ಅಂದಾಗೆಲ್ಲ ನಮ್ಮ ಕಡೆ ಜನ ಕೇಳೋದು ಒಂದೇ ಮಾತು, ದಿನಾ ಬಿಸಿಲಲ್ಲೇ ಇರ್ತೀಯಲ್ಲಪ್ಪ, ಬೆಂಗ್ಳೂರಿಗೆ ಹೋಗಿ ದುಡ್ಡು ಕೊಟ್ಟು ಬೆಳಕು ತಗೋಳೋದ್ಯಾಕೆ ಅಂತ. ನ್ಯಾಯವಾದ ಪ್ರಶ್ನೆನೇ, ನಾನೂ ಡಾಕ್ಟ್ರನ್ನ ಮೊದಲು ಕೇಳಿದ್ದು ಇದನ್ನೇ. ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಕಡೆ ತೋಟ ಹೊಲ ಮಾಡೋರಿಗೆ ಈ ಡೌಟು ಬಂದೇ ಬರುತ್ತೆ, ಅದಕ್ಕೇ ಬರೀತಿದೀನಿ.

ನಮ್ದು ದಿಲ್‌ಖುಷ್ ದ್ರಾಕ್ಷಿ ತೋಟ, ಪಕ್ಕದಲ್ಲಿ ಸ್ವಲ್ಪ ಸೇವಂತಿಗೆ. ನನಗೆ ಮೊದಲು ಬಂದಿದ್ದು ಮೊಣಕೈ ಮೇಲೆ, ಆಮೇಲೆ ಮೊಣಕಾಲು, ಸೊಂಟದ ಹಿಂದೆ, ತಲೆ ಒಳಗೆ. ಕೆಂಪಗೆ ದಪ್ಪಗೆ ಆಗಿ ಮೇಲೆ ಬೆಳ್ಳಗೆ ಹೊಟ್ಟು ಏಳುತ್ತೆ, ಉಗುರಲ್ಲಿ ಕೆರೆದ್ರೆ ಹೊಟ್ಟು ಉದುರಿ ಕೆಳಗೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ರಕ್ತದ ಚುಕ್ಕಿ ಕಾಣುತ್ತೆ. ಮನೇಲಿ ಒಬ್ರು ಗಜಕರ್ಣ ಅಂದ್ರು, ಇನ್ನೊಬ್ರು ಇಸುಬು ಅಂದ್ರು, ಅಮ್ಮ ನಂಜು ಅಂತ ಬದನೆಕಾಯಿ ನಿಲ್ಲಿಸಿದ್ರು. ಚರ್ಮದ ಡಾಕ್ಟ್ರು ಬಿಡಿಸಿ ಹೇಳಿದ್ರು, ಇದು ಹುಳುಕಡ್ಡಿನೂ ಅಲ್ಲ ಅಂಟೋ ರೋಗನೂ ಅಲ್ಲ, ನಮ್ಮ ಮೈಯ ರೋಗನಿರೋಧಕ ಶಕ್ತಿನೇ ದಾರಿ ತಪ್ಪಿ ಚರ್ಮಕ್ಕೆ ಅವಸರ ಮಾಡುತ್ತೆ, ಹೆಚ್ಚುಕಮ್ಮಿ ಒಂದು ತಿಂಗಳಲ್ಲಿ ಮೇಲೆ ಬಂದು ಉದುರಬೇಕಾದ ಚರ್ಮದ ಕಣ 3-5 ದಿನಕ್ಕೇ ಮೇಲೆ ಬಂದು ಗುಡ್ಡೆ ಬೀಳುತ್ತೆ ಅಂತ. ಒಂದು ಕಟಿಂಗ್ ಶಾಪಲ್ಲಿ ನನ್ನ ತಲೆ ನೋಡಿ ಬೇರೆ ಕಡೆ ಹೋಗಣ್ಣ ಅಂದಿದ್ರು. ಆ ನೋವು ಬೇರೆ ಯಾರಿಗೂ ಬೇಡ, ದಯವಿಟ್ಟು ತಿಳ್ಕೊಳ್ಳಿ, ಮುಟ್ಟಿದ್ರೆ ಬರಲ್ಲ, ಒಂದೇ ತಟ್ಟೇಲಿ ಉಂಡ್ರೂ ಬರಲ್ಲ.

ಇದ್ರ ಗುಣ ಏನಂದ್ರೆ ಹೋಗುತ್ತೆ, ಮತ್ತೆ ಬರುತ್ತೆ. ನಂದಿ ಬೆಟ್ಟದ ಕಡೆಯಿಂದ ಚಳಿಗಾಳಿ ಬೀಸೋಕೆ ಶುರುವಾಯ್ತು ಅಂದ್ರೆ ಚರ್ಮ ಒಣಗಿ ನನಗೆ ಜಾಸ್ತಿ ಆಗುತ್ತೆ, ಗಂಟಲು ನೋವು ಜ್ವರ ಬಂದು ಹೋದ ಮೇಲೂ ಅಷ್ಟೇ, ರೇಟು ಬಿದ್ದು ನಿದ್ದೆ ಕೆಟ್ಟ ವರ್ಷ ಅಂತೂ ಕೇಳೋದೇ ಬೇಡ. ಇನ್ನೊಂದು, ದ್ರಾಕ್ಷಿ ಬಳ್ಳಿ ಕಟಿಂಗ್ ಮಾಡುವಾಗ ಮುಂಗೈ ಮೇಲೆ ಕಡ್ಡಿ ಗೀರುತ್ತಲ್ಲ, ಒಂದೆರಡು ವಾರ ಬಿಟ್ಟು ನೋಡಿದ್ರೆ ಆ ಗೀರಿನ ಗೆರೆ ಮೇಲೇ ಸಾಲಾಗಿ ಸೋರಿಯಾಸಿಸ್ ಎದ್ದಿರ್ತಿತ್ತು. ಗಾಯ ಆದ ಜಾಗದಲ್ಲೇ ಬರೋದು ಈ ರೋಗದ ಲಕ್ಷಣ ಅಂತೆ, ಕೆಬ್ನರ್ ಅಂತ ಹೆಸರು ಹೇಳಿದ್ರು. ಅವತ್ತಿಂದ ಎಷ್ಟೇ ಸೆಖೆ ಇದ್ರೂ ತುಂಬು ತೋಳಿನ ದಪ್ಪ ಶರ್ಟು ಹಾಕ್ದೆ ಚಪ್ಪರದ ಕೆಳಗೆ ಹೋಗಲ್ಲ.

ಆಯಿಂಟ್‌ಮೆಂಟ್ ವಿಷಯ ಜಾಸ್ತಿ ಎಳೆಯಲ್ಲ. ಸ್ಟೀರಾಯ್ಡ್ ಮುಲಾಮು ಬೇಗ ಇಳಿಸುತ್ತೆ, ಡಾಕ್ಟ್ರು ಹೇಳಿದಷ್ಟು ದಿನ ಹಚ್ಚಿದ್ರೆ ಒಳ್ಳೇದೇ, ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ, ದಿಢೀರ್ ಅಂತ ಬಿಟ್ರೆ ಇನ್ನೂ ಜೋರಾಗಿ ಬರಬಹುದು. ಮೆಡಿಕಲ್ ಸ್ಟೋರಲ್ಲಿ ಚೀಟಿ ಇಲ್ದೆ ಕೊಡೋ ಮೂರು ನಾಲ್ಕು ಔಷಧಿ ಬೆರೆಸಿರೋ ಟ್ಯೂಬುಗಳಲ್ಲಿ ಇರೋದೂ ಎಷ್ಟೋ ಸಲ ಇದೇ ಸ್ಟೀರಾಯ್ಡು.

ಮೈಮೇಲೆ ಹರಡಿದ ಮೇಲೆ ಮುಲಾಮು ಸಾಲ್ದು, ಆಗ ಡಾಕ್ಟ್ರು ಎರಡು ದಾರಿ ಹೇಳಿದ್ರು. ಒಂದು ಮೆಥೋಟ್ರೆಕ್ಸೇಟ್ ಮಾತ್ರೆ, ವಾರಕ್ಕೆ ಒಂದೇ ದಿನ ತಗೋಬೇಕು (ದಿನಾ ನುಂಗಿದ್ರೆ ಪ್ರಾಣಕ್ಕೇ ಅಪಾಯ, ಮನೇಲಿ ವಯಸ್ಸಾದವರು ತಗೋತಿದ್ರೆ ಎದುರಿಗೇ ನಿಂತು ಕೊಡಿ), ಆಗಾಗ ರಕ್ತ, ಲಿವರ್ ಟೆಸ್ಟು, ಕುಡಿಯೋ ಹಾಗಿಲ್ಲ, ಬಸುರಿಯರಿಗೆ ಕೊಡಲ್ಲ. ಇನ್ನೊಂದು ಲೈಟು. ನನಗೆ ಸ್ಕ್ಯಾನಿಂಗಲ್ಲಿ ಫ್ಯಾಟಿ ಲಿವರ್ ಅಂತ ಬಂದಿತ್ತು, ಅದಕ್ಕೇ ಮೊದಲು ಲೈಟ್ ನೋಡೋಣ ಅಂದ್ರು.

ಆಗಲೇ ನಾನು ಬಿಸಿಲಿನ ಪ್ರಶ್ನೆ ಕೇಳಿದ್ದು. ಅವ್ರು ಏನೂ ಹೇಳ್ದೆ ನನ್ನ ತೋಳು ಮಡಚಿಸಿ ಶರ್ಟು ಮೇಲಕ್ಕೆ ಸರಿಸಿ ತೋರಿಸಿದ್ರು, ಮಣಿಕಟ್ಟಿನವರೆಗೆ ಕಪ್ಪು, ಅಲ್ಲಿಂದ ಮೇಲೆ ಬೇರೆ ಬಣ್ಣ, ಸೋರಿಯಾಸಿಸ್ ಇರೋದೆಲ್ಲ ಆ ಬೇರೆ ಬಣ್ಣದ ಜಾಗದಲ್ಲಿ. ಅಂದ್ರೆ ನಾನು ಬಿಸಿಲಲ್ಲಿದ್ರೂ ನನ್ನ ಗಾಯದ ಜಾಗ ಬಿಸಿಲೇ ಕಂಡಿಲ್ಲ, ಅದರ ಮೇಲೆ ನಾವು ಕೆಲಸ ಮಾಡೋದು ಚಪ್ಪರದ ನೆರಳಲ್ಲಿ ಬೇರೆ. ಸರಿ, ಬಟ್ಟೆ ಬಿಚ್ಚಿ ನಿಂತ್ರೆ? ಬಿಸಿಲಲ್ಲಿ ಎಲ್ಲಾ ಥರದ ಕಿರಣನೂ ಇರುತ್ತೆ, ಹೊತ್ತಿಗೊಂದು ಥರ ಮೋಡಕ್ಕೊಂದು ಥರ, ಅಳತೆ ಇಲ್ಲ, ಸುಟ್ಟಿತು ಅಂದ್ರೆ ಸುಟ್ಟ ಜಾಗದಲ್ಲೇ ಹೊಸದಾಗಿ ಬರುತ್ತೆ. ಮಷೀನಿನಲ್ಲಿ ಬರೋದು ನ್ಯಾರೋಬ್ಯಾಂಡ್ ಯುವಿಬಿ, ಅಂದ್ರೆ ಕಣ್ಣಿಗೆ ಕಾಣದ ನೇರಳಾತೀತ ಕಿರಣದಲ್ಲಿ ಒಂದು ಸಣ್ಣ ಭಾಗ ಮಾತ್ರ, 311 ನ್ಯಾನೋಮೀಟರ್ ಆಸುಪಾಸಿನದು, ಚರ್ಮದಲ್ಲಿ ಗಲಾಟೆ ಮಾಡೋ ಕಣಗಳನ್ನ ತಣ್ಣಗೆ ಮಾಡೋದ್ರಲ್ಲಿ ಆ ಭಾಗ ಚೆನ್ನಾಗಿ ಕೆಲಸ ಮಾಡುತ್ತೆ, ಸುಡೋ ಭಾಗ ಕಮ್ಮಿ ಇರುತ್ತೆ. ಮಾತ್ರೆಗೆ ಹೇಗೆ ಮಿಲಿಗ್ರಾಂ ಇದೆಯೋ ಇದಕ್ಕೆ ಮಿಲಿಜೂಲ್ ಲೆಕ್ಕ ಇದೆ. ಇದು ಬೆಳಕಲ್ಲ, ಡೋಸು. ಈ ಒಂದು ಮಾತು ತಲೆಗೆ ಹೋದ ಮೇಲೆ ನನಗೆ ಬಸ್ ಚಾರ್ಜು ದಂಡ ಅನ್ನಿಸಲಿಲ್ಲ.

ಪುವಾ ಅಂತ ಹಳೇದೊಂದಿದೆ, ಸೊರಾಲೆನ್ ಮಾತ್ರೆ ನುಂಗಿ ಯುವಿಎ ಅನ್ನೋ ಇನ್ನೊಂದು ಥರದ ನೇರಳಾತೀತ ಲೈಟಲ್ಲಿ ನಿಲ್ಲೋದು, ಕೆಲವರಿಗೆ ಮಾತ್ರೆ ಕೊಟ್ಟು ಬಿಸಿಲಲ್ಲೇ ನಿಲ್ಲೋಕೆ ಹೇಳೋದೂ ಉಂಟು. ಆ ಮಾತ್ರೆ ನುಂಗಿದ ದಿನವೆಲ್ಲ ಕಣ್ಣು, ಚರ್ಮ ಬಿಸಿಲಿಗೆ ತಡ್ಕೊಳ್ಳಲ್ಲ, ಕನ್ನಡಕ ಹಾಕ್ಕೊಂಡೇ ಇರ್ಬೇಕು. ತೋಟದ ಕೆಲಸದವರಿಗೆ ಇದು ಕಷ್ಟ, ನ್ಯಾರೋಬ್ಯಾಂಡಿಗೆ ಆ ಮಾತ್ರೆನೇ ಬೇಡ.

ಸಾಮಾನ್ಯವಾಗಿ ವಾರಕ್ಕೆ 3 ಸಲ, ಮಧ್ಯ ಒಂದೊಂದು ದಿನ ಬಿಟ್ಟು, ಒಟ್ಟು 20ರಿಂದ 30 ಸಲ ಬೇಕಾಗಬಹುದು ಅಂದ್ರು. ಬೆಳಗಿನ ಬಸ್ಸು ಹಿಡಿದು, ದೇವನಹಳ್ಳಿ ದಾಟಿ, ಹೆಬ್ಬಾಳದ ಜಾಮಲ್ಲಿ ಕೂತು ಹೋಗೋದೇ ದೊಡ್ಡದು, ಲೈಟು ಕೊಡೋದು ಶುರುವಲ್ಲಿ ಒಂದು ನಿಮಿಷನೂ ಇಲ್ಲ. ಒಳಗೆಲ್ಲ ಟ್ಯೂಬ್‌ಲೈಟ್ ನಿಲ್ಲಿಸಿರೋ ಬೀರು ಥರ ಇರುತ್ತೆ, ಕಪ್ಪು ಕನ್ನಡಕ ಹಾಕಿ ಒಳಗೆ ನಿಲ್ಲಿಸ್ತಾರೆ, ಚಡ್ಡಿ ಬಿಚ್ಚೋ ಹಾಗಿಲ್ಲ, ಆ ಭಾಗಕ್ಕೆ ಬೆಳಕು ಬೀಳಬಾರದು, ಮುಖದಲ್ಲಿ ಏನೂ ಇಲ್ಲ ಅಂದ್ರೆ ಮುಖಕ್ಕೂ ಬಟ್ಟೆ. ಹೊಟ್ಟು ದಪ್ಪ ಇರೋ ಕಡೆ ಸಿಸ್ಟರ್ ತೆಳ್ಳಗೆ ಲಿಕ್ವಿಡ್ ಪ್ಯಾರಾಫಿನ್ ಸವರ್ತಿದ್ರು, ಬೆಳಕು ಒಳಗಿಳಿಯಲಿ ಅಂತ. ಸ್ಯಾಲಿಸಿಲಿಕ್ ಆಸಿಡ್ ಇರೋ ಮುಲಾಮು ಮಾತ್ರ ಅವತ್ತು ಬೆಳಿಗ್ಗೆ ಹಚ್ಚಬೇಡಿ, ಅದು ಬೆಳಕನ್ನ ತಡೆಯುತ್ತೆ.

ಪ್ರತಿ ಸಲ ಹೋದಾಗ ಸಿಸ್ಟರ್ ಮೊದಲು ಕೇಳೋದು, ಅಣ್ಣ, ಹಿಂದಿನ ಸಲದ್ದು ಕೆಂಪಾಯ್ತಾ, ಎಷ್ಟು ಹೊತ್ತು ಇತ್ತು ಅಂತ. ನಿಜಾನೇ ಹೇಳ್ಬೇಕು. ಸ್ವಲ್ಪ ಗುಲಾಬಿ ಬಣ್ಣ ಬಂದು ಮಾರನೇ ದಿನಕ್ಕೆ ಹೋದ್ರೆ ಡೋಸ್ ಏರಿಸ್ತಾರೆ, ಉರಿ ಬಂದು ಗುಳ್ಳೆ ಎದ್ರೆ ನಿಲ್ಲಿಸ್ತಾರೆ. ಲೈಟ್ ತಗೊಂಡ ದಿನ ಬಿಸಿಲಿಗೆ ಮೈ ಒಡ್ಡಬಾರದು, ಎರಡೂ ಸೇರಿದ್ರೆ ಡೋಸ್ ಮೀರುತ್ತೆ, ಆ ದಿನಗಳಲ್ಲಿ ನಾನು ತೋಟಕ್ಕೆ ಹೋಗ್ದೆ ಮನೆ ಒಳಗಿನ ಲೆಕ್ಕಪತ್ರ ನೋಡ್ತಿದ್ದೆ. ಹಣ್ಣು ಕೀಳೋ ಸಮಯಕ್ಕೆ ಬರೋಕಾಗಲ್ಲ ಅಂತ ಮುಂಚೆನೇ ಹೇಳಿದ್ದೆ, ವಾರಗಟ್ಟಲೆ ಬಿಟ್ಟು ಹೋದ್ರೆ ಹಳೇ ಡೋಸಿಂದ ಶುರು ಮಾಡಲ್ಲ, ಇಳಿಸಿ ಮತ್ತೆ ಏರಿಸ್ತಾರೆ. ಅದಕ್ಕೇ ಈ ಟ್ರೀಟ್‌ಮೆಂಟಿಗೆ ಕೈ ಹಾಕೋ ಮುಂಚೆ ಬೆಳೆ ಕ್ಯಾಲೆಂಡರ್ ನೋಡಿ, ನಿಮ್ಮ ಕೈ ಬಿಡುವಾಗಿರೋ ಎರಡು ಮೂರು ತಿಂಗಳು ಹುಡುಕಿ.

ಮೊದಲ ಕೆಲವು ವಾರ ಏನೂ ಗೊತ್ತಾಗಲ್ಲ, ಆಮೇಲೆ ದಪ್ಪ ಕಮ್ಮಿ ಆಗುತ್ತೆ, ತುರಿಕೆ ಇಳಿಯುತ್ತೆ. ವಾಸಿಯಾದ ಕಡೆ ಬೆಳ್ಳಗೆ ಕಲೆ ಉಳಿದಾಗ ನನ್ನ ಹೆಂಡ್ತಿ ತೊನ್ನು ಬಂತೇನೋ ಅಂತ ಅತ್ತೇಬಿಟ್ಲು, ಅದು ತೊನ್ನಲ್ಲ, ನಿಧಾನವಾಗಿ ಬಣ್ಣ ತುಂಬಿಕೊಳ್ತು. ಸುತ್ತ ಇರೋ ಚರ್ಮ ಕಪ್ಪಾಗುತ್ತೆ, ಅದೂ ಇಳಿಯುತ್ತೆ. ತಲೆಗೆ ಮಾತ್ರ ಕೂದಲು ಅಡ್ಡ ಬರೋದ್ರಿಂದ ಲೈಟ್ ಅಷ್ಟಾಗಿ ಆಗಲಿಲ್ಲ, ಟಾರ್ ಶಾಂಪೂ ಮುಂದುವರಿಸಿದೀನಿ.

ಈಗ ಮೊಣಕಾಲ ಹತ್ರ ಸಣ್ಣದೊಂದು ಮತ್ತೆ ಬಂದಿದೆ, ಅದಕ್ಕೆ ಮುಲಾಮು ಸಾಕು ಅಂದಿದಾರೆ, ಹರಡಿದ್ರೆ ಇನ್ನೊಂದು ಸುತ್ತು ಲೈಟಿಗೆ ಹೋಗ್ತೀನಿ. ಒಂದು ಮಾತು, ಬೆಳಿಗ್ಗೆ ಎದ್ದಾಗ ಬೆರಳು ಅರ್ಧ ಗಂಟೆಗಿಂತ ಜಾಸ್ತಿ ಬಿಗಿ ಹಿಡಿದಿರೋದು, ಒಂದು ಬೆರಳು ಪೂರ್ತಿ ಊದೋದು, ಹಿಮ್ಮಡಿ ನೋವು, ಇದ್ರಲ್ಲಿ ಏನಿದ್ರೂ ಮೊದಲೇ ಡಾಕ್ಟ್ರಿಗೆ ಹೇಳಿ. ಸೋರಿಯಾಸಿಸ್ ಕೀಲಿಗೂ ಇಳಿಯುತ್ತೆ, ಲೈಟು ಚರ್ಮಕ್ಕೆ ಮಾತ್ರ, ಕೀಲಿಗೆ ಅದು ಏನೂ ಮಾಡಲ್ಲ, ಅಂಥವರಿಗೆ ಮಾತ್ರೆನೋ ಇಂಜೆಕ್ಷನ್ನೋ ಬೇಕೇ ಬೇಕಾಗುತ್ತೆ.