ತಡೆಹಿಡಿದ ಬಿಲ್‌ನಿಂದ ಅವಾರ್ಡ್‌ವರೆಗೆ: ಕಾಮಗಾರಿ ವ್ಯಾಜ್ಯ ನಡೆಸುವ ಬಗೆ

ಕಾಮಗಾರಿ ಮುಗಿದು ವರ್ಷವಾದರೂ ಫೈನಲ್ ಬಿಲ್ ಪಾಸಾಗಿಲ್ಲ. ಹೆಚ್ಚುವರಿ ಕೆಲಸದ ದರ ಒಪ್ಪಿಲ್ಲ. ತಡವಾಯಿತೆಂದು ದಂಡ ಮುರಿದುಕೊಂಡಿದ್ದಾರೆ. ಇದರ ಮೇಲೆ, ಕೆಲಸದ ಭದ್ರತೆಗೆ ಕೊಟ್ಟ ಬ್ಯಾಂಕ್ ಗ್ಯಾರಂಟಿ ನಗದು ಮಾಡಿಕೊಳ್ಳುತ್ತೇವೆ ಎಂಬ ಪತ್ರ. ಗುತ್ತಿಗೆದಾರರು ಇದನ್ನೆಲ್ಲ ಒಂದೇ ಗಂಟು ಕಟ್ಟಿ ವಕೀಲರ ಮುಂದಿಡುತ್ತಾರೆ. ಆದರೆ ಅಲ್ಲಿರುವುದು ನಾಲ್ಕು ವ್ಯಾಜ್ಯಗಳು. ಒಂದೊಂದಕ್ಕೂ ಬೇರೆ ಷರತ್ತು, ಬೇರೆ ದಿನಾಂಕ, ಬೇರೆ ಪುರಾವೆ. ಗಂಟು ಬಿಚ್ಚದಿದ್ದರೆ ಗಟ್ಟಿ ಬೇಡಿಕೆಯೂ ಸಡಿಲ ಬೇಡಿಕೆಯ ಜೊತೆ ಮುಳುಗುತ್ತದೆ.

ಮೊದಲು ಒಂದು ಪಟ್ಟಿ ಮಾಡಿ. ಪ್ರತಿ ಬೇಡಿಕೆಗೆ ಒಂದು ಸಾಲು, ಪ್ರತಿ ಸಾಲಿಗೆ ಐದು ಅಂಕಣ: ಏನಾಯಿತು, ಯಾವ ದಿನ, ಕರಾರಿನ ಯಾವ ಷರತ್ತು, ಯಾವ ಪತ್ರ ಅಥವಾ ದಾಖಲೆ, ಎಷ್ಟು ಹಣ. ನಾಲ್ಕನೇ ಅಂಕಣ ಖಾಲಿ ಉಳಿದ ಸಾಲುಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಪ್ರಕರಣ ಸೋಲುವುದು ಅಲ್ಲಿಯೇ.

ದಾಖಲೆ ಎಂದರೆ ಬರೀ ಕರಾರು ಮತ್ತು ಬಿಲ್ ಅಲ್ಲ. ಅಳತೆ ಪುಸ್ತಕ, ಎಲ್ಲ ಆರ್.ಎ. (ಕೆಲಸ ನಡೆಯುತ್ತಿರುವಾಗಿನ ರನ್ನಿಂಗ್ ಅಕೌಂಟ್) ಬಿಲ್‌ಗಳು, ಸೈಟ್ ಆರ್ಡರ್ ಬುಕ್, ಅಡಚಣೆ ರಿಜಿಸ್ಟರ್, ಡ್ರಾಯಿಂಗ್ ಕೈಗೆ ಬಂದ ದಿನದ ಸ್ವೀಕೃತಿ, ಕಾಂಕ್ರೀಟ್ ಬಲದ ಕ್ಯೂಬ್ ಟೆಸ್ಟ್ ವರದಿಗಳು, ಕೂಲಿಕಾರರ ಹಾಜರಿ ಪುಸ್ತಕ, ಯಂತ್ರಗಳ ಲಾಗ್ ಬುಕ್, ಡೀಸೆಲ್ ಬಿಲ್, ಪಿ.ಎಫ್. ಚಲನ್ ಎಲ್ಲವೂ ಬೇಕು. ಸರ್ಕಾರಿ ಕಾಮಗಾರಿಯಲ್ಲಿ ಅಳತೆ ಪುಸ್ತಕ ಇಲಾಖೆಯ ವಶದಲ್ಲಿರುತ್ತದೆ. ಜಗಳ ಬಿಗಡಾಯಿಸುವ ಮೊದಲೇ ಮಾಹಿತಿ ಹಕ್ಕಿನಡಿ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಅರ್ಜಿಯನ್ನು ಕಂಪನಿಯ ಹೆಸರಲ್ಲಿ ಹಾಕದೆ ವ್ಯಕ್ತಿಯ ಹೆಸರಲ್ಲಿ ಹಾಕಿ. ಕಾಯ್ದೆ ಈ ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ಉತ್ತರಕ್ಕೆ 30 ದಿನಗಳ ಗಡುವಿದೆ.

ಈಗ ಸೈಟಿನ ಅರ್ಧ ವ್ಯವಹಾರ ವಾಟ್ಸಾಪ್‌ನಲ್ಲೇ ನಡೆಯುತ್ತದೆ. ಸ್ಕ್ರೀನ್‌ಶಾಟ್ ಪ್ರಿಂಟ್ ಮಾಡಿ ಲಗತ್ತಿಸಿದರೆ ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ಒಂದು ಭಾಗಕ್ಕೆ ನೀವೂ ಇನ್ನೊಂದು ಭಾಗಕ್ಕೆ ತಜ್ಞರೂ ಸಹಿ ಮಾಡಬೇಕು, ಕಡತದ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು) ನಮೂದಿಸಬೇಕು. ಕೋರ್ಟಿನ ಹೊರಗೆ ವ್ಯಾಜ್ಯ ತೀರ್ಮಾನಿಸಲು ನೇಮಕವಾಗುವ ಆರ್ಬಿಟ್ರೇಟರ್‌ಗೆ (ಮಧ್ಯಸ್ಥಗಾರರಿಗೆ) ಸಾಕ್ಷ್ಯದ ನಿಯಮಗಳ ಕಟ್ಟುಪಾಡು ಇಲ್ಲ, ನಿಜ. ಆದರೂ ಎದುರು ಪಕ್ಷ ಎತ್ತುವ ಮೊದಲ ಆಕ್ಷೇಪವೇ ಇದು. ಸೈಟ್ ಇಂಜಿನಿಯರ್ ಕೆಲಸ ಬಿಟ್ಟು ಹೋಗುವಾಗ ಅವರ ಫೋನಿನ ಸಂದೇಶಗಳನ್ನು ಉಳಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ಕಡತ ಸಿದ್ಧವಾಗುತ್ತಿರುವಾಗಲೇ ಕಾಲಮಿತಿ ಎಣಿಸಿ. ಹಣ ಕೊಡುವ ದಿನ ಕರಾರಿನಲ್ಲಿ ಗೊತ್ತಾಗಿಲ್ಲದಿದ್ದರೆ, 1963ರ ಲಿಮಿಟೇಷನ್ ಕಾಯ್ದೆಯ 18ನೇ ಅನುಚ್ಛೇದದ ಪ್ರಕಾರ ಮಾಡಿದ ಕೆಲಸದ ಹಣಕ್ಕೆ, ಕೆಲಸ ಆದ ದಿನದಿಂದ 3 ವರ್ಷ. ನೆನಪೋಲೆ ಬರೆಯುತ್ತಿದ್ದರೆ ಗಡುವು ಮುಂದಕ್ಕೆ ಹೋಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಹೋಗುವುದಿಲ್ಲ. ಗಡುವಿನೊಳಗೆ ಎದುರು ಪಕ್ಷ ಬಾಕಿಯನ್ನು ಒಪ್ಪಿ ಸಹಿ ಮಾಡಿದ ಬರಹ ಕೊಟ್ಟರೆ ಅಥವಾ ಭಾಗಶಃ ಹಣ ಪಾವತಿಸಿದರೆ ಮಾತ್ರ ಹೊಸ ಲೆಕ್ಕ ಶುರು. "ಬಿಲ್ ಪರಿಶೀಲನೆಯಲ್ಲಿದೆ" ಎಂಬ ಒಕ್ಕಣೆಯನ್ನೇ ನಂಬಿ ಕೂರಬೇಡಿ.

ನಂತರದ ಪ್ರಶ್ನೆ, ಎಲ್ಲಿಗೆ ಹೋಗುವುದು? ವ್ಯಾಜ್ಯ ಪರಿಹಾರದ ಷರತ್ತನ್ನು ಪದಪದ ಓದಿ. "ಅಧೀಕ್ಷಕ ಇಂಜಿನಿಯರರ ತೀರ್ಮಾನವೇ ಅಂತಿಮ" ಎಂದಷ್ಟೇ ಇದ್ದರೆ ಅದು ಆರ್ಬಿಟ್ರೇಷನ್ ಒಪ್ಪಂದ ಆಗದಿರಬಹುದು. ಮೊದಲು ಇಂಜಿನಿಯರ್, ಆಮೇಲೆ ಸಮಿತಿ, ಆಮೇಲೆ ಆರ್ಬಿಟ್ರೇಷನ್ ಎಂಬ ಮೆಟ್ಟಿಲುಗಳಿದ್ದರೆ ಯಾವುದನ್ನೂ ಹಾರಬೇಡಿ. ಪ್ರತಿ ಮೆಟ್ಟಿಲಿನಲ್ಲೂ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಆರ್ಬಿಟ್ರೇಷನ್ ಷರತ್ತು ಇಲ್ಲವಾದರೆ ಕಮರ್ಷಿಯಲ್ ಕೋರ್ಟ್. ನಿರ್ಮಾಣ ಗುತ್ತಿಗೆಗಳು 2015ರ ಕಮರ್ಷಿಯಲ್ ಕೋರ್ಟ್ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ವ್ಯಾಜ್ಯದ ಮೌಲ್ಯ ಕನಿಷ್ಠ 3 ಲಕ್ಷ ರೂಪಾಯಿ ಇರಬೇಕು. ತುರ್ತು ಮಧ್ಯಂತರ ಆದೇಶ ಬೇಡುವ ಪ್ರಕರಣ ಅಲ್ಲವಾದರೆ 12ಎ ಕಲಂನಡಿ ಮೊದಲು ಮೀಡಿಯೇಷನ್‌ಗೆ (ಮೂರನೆಯವರ ನೆರವಿನ ರಾಜಿ ಮಾತುಕತೆಗೆ) ಹೋಗಲೇಬೇಕು. ಹೋಗದೆ ಹಾಕಿದ ದಾವೆ ತಿರಸ್ಕೃತವಾಗುತ್ತದೆ ಎಂದು 2022ರಲ್ಲಿ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮೀಡಿಯೇಷನ್‌ನಲ್ಲಿ ಕಳೆದ ಅವಧಿಯನ್ನು ಕಾಲಮಿತಿಯಲ್ಲಿ ಎಣಿಸುವುದಿಲ್ಲ. ಪ್ರತಿವಾದಿ ಸರ್ಕಾರವಾದರೆ ದಾವೆಗೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿ.ಪಿ.ಸಿ.) 80ನೇ ಕಲಂನ ಎರಡು ತಿಂಗಳ ನೋಟಿಸನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕರಾರಿನ ಸ್ಟ್ಯಾಂಪ್ ಶುಲ್ಕವನ್ನೂ ನೋಡಿ. ಕರ್ನಾಟಕದಲ್ಲಿ ಕಡಿಮೆ ಸ್ಟ್ಯಾಂಪಿನ ದಾಖಲೆಯನ್ನು ಸಾಕ್ಷ್ಯಕ್ಕೆ ಹಾಜರುಪಡಿಸಿದರೆ ಕೊರತೆಯ ಹತ್ತು ಪಟ್ಟು ದಂಡ ಕಟ್ಟಬೇಕಾದೀತು.

ಇನ್ನು ವಿಳಂಬದ ಬೇಡಿಕೆ. ಇದರಷ್ಟು ಹಣ ಸಿಗುವುದೂ ಇದರಷ್ಟು ಹಣ ಹೋಗುವುದೂ ಬೇರೆಡೆ ಇಲ್ಲ. ಜಾಗ ಖಾಲಿ ಮಾಡಿ ಕೊಟ್ಟಿಲ್ಲ, ವಿದ್ಯುತ್ ಕಂಬ ಸ್ಥಳಾಂತರಿಸಿಲ್ಲ, ಡ್ರಾಯಿಂಗ್ ತಡವಾಗಿ ಬಂತು. ಅವಧಿ ವಿಸ್ತರಣೆ ಕೇಳಿದಿರಿ, ಅದೂ ಸಿಕ್ಕಿತು. ಅಲ್ಲಿ ಒಂದು ಸಾಲು ಬರೆಯದೆ ಬಿಟ್ಟರೆ ಪರಿಹಾರ ಕೈಜಾರಬಹುದು. ಹೊತ್ತಿಗೆ ಸರಿಯಾಗಿ ಆಗದ ಪಾಲನೆಯನ್ನು ಒಪ್ಪಿಕೊಂಡವರು, ಒಪ್ಪುವ ಹೊತ್ತಿನಲ್ಲೇ ನೋಟಿಸ್ ಕೊಡದಿದ್ದರೆ ಆಮೇಲೆ ಪರಿಹಾರ ಕೇಳುವಂತಿಲ್ಲ ಎನ್ನುತ್ತದೆ 1872ರ ಕರಾರು ಕಾಯ್ದೆಯ 55ನೇ ಕಲಂ. ಆದ್ದರಿಂದ ವಿಸ್ತರಣೆಯ ಅರ್ಜಿಯಲ್ಲೇ ಹೀಗೆ ಬರೆಯಿರಿ: "ಈ ವಿಳಂಬ ನಮ್ಮಿಂದ ಆದದ್ದಲ್ಲ. ವಿಸ್ತರಣೆ ಒಪ್ಪಿಕೊಂಡರೂ ಹೆಚ್ಚುವರಿ ವೆಚ್ಚ ಮತ್ತು ನಷ್ಟ ಕೇಳುವ ಹಕ್ಕನ್ನು ಕಾಯ್ದಿರಿಸಿದ್ದೇವೆ." ವಿಳಂಬಕ್ಕೆ ಪರಿಹಾರವೇ ಇಲ್ಲ ಎಂಬ ಷರತ್ತು ಕರಾರಿನಲ್ಲಿದ್ದರೆ ಹಾದಿ ಇನ್ನೂ ಕಡಿದು, ಆ ಷರತ್ತನ್ನು ಮೊದಲೇ ವಕೀಲರಿಗೆ ತೋರಿಸಿ.

ವಿಳಂಬದಿಂದ ಕೈತಪ್ಪಿದ ಹೆಡ್ ಆಫೀಸ್ ವೆಚ್ಚ ಮತ್ತು ಲಾಭದ ಲೆಕ್ಕಕ್ಕೆ ಹಡ್ಸನ್ ಸೂತ್ರ ಬಳಸುವುದು ವಾಡಿಕೆ. ಗುತ್ತಿಗೆ ಮೊತ್ತ 4 ಕೋಟಿ, ಅವಧಿ 12 ತಿಂಗಳು, ಹೆಡ್ ಆಫೀಸ್ ವೆಚ್ಚ ಮತ್ತು ಲಾಭ ಸೇರಿ ಶೇ. 10, ವಿಳಂಬ 5 ತಿಂಗಳು ಎಂದಿಟ್ಟುಕೊಳ್ಳಿ. 40 ಲಕ್ಷವನ್ನು 12ರಿಂದ ಭಾಗಿಸಿ 5ರಿಂದ ಗುಣಿಸಿದರೆ ಸುಮಾರು 16.67 ಲಕ್ಷ. ಲೆಕ್ಕ ಸುಲಭ, ಅದಕ್ಕೇ ಅಪಾಯ. ಆ ಐದು ತಿಂಗಳಲ್ಲಿ ನೀವು ಬೇರೆ ಕೆಲಸ ಹಿಡಿಯುವ ಸ್ಥಿತಿಯಲ್ಲಿ ಇದ್ದಿರಿ, ಸೈಟಿಗೆ ಕಟ್ಟಿಬಿದ್ದು ಅದು ತಪ್ಪಿತು ಎಂಬುದಕ್ಕೆ ಆಧಾರ ಬೇಕು. 2023ರ ಬಾಟ್ಲಿಬಾಯ್ ಪ್ರಕರಣದಲ್ಲಿ, ಪುರಾವೆಯಿಲ್ಲದೆ ಸೂತ್ರವನ್ನು ಯಾಂತ್ರಿಕವಾಗಿ ಅನ್ವಯಿಸಿದ ಅವಾರ್ಡನ್ನು (ಆರ್ಬಿಟ್ರೇಟರ್ ಕೊಟ್ಟ ತೀರ್ಪನ್ನು) ಸುಪ್ರೀಂ ಕೋರ್ಟ್ ಉಳಿಸಲಿಲ್ಲ. ಲೆಕ್ಕಪರಿಶೋಧಿತ ಬ್ಯಾಲೆನ್ಸ್ ಶೀಟ್, ಕೈಬಿಟ್ಟ ಟೆಂಡರ್‌ಗಳ ದಾಖಲೆ, ನಿಂತಿದ್ದ ಯಂತ್ರಗಳ ಲಾಗ್ ಬುಕ್ ಜೊತೆಗಿಡಿ. ಒಂದೇ ವೆಚ್ಚವನ್ನು ಎರಡು ಶೀರ್ಷಿಕೆಯಡಿ ಕೇಳಬೇಡಿ. ಒಂದು ಕಡೆ ಸಿಕ್ಕಿಬಿದ್ದರೆ ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತದೆ.

ಇಲಾಖೆಯೇ ನಷ್ಟ ಲೆಕ್ಕ ಹಾಕಿ ನಿಮ್ಮ ಬಿಲ್‌ನಿಂದ ಮುರಿದುಕೊಂಡಿದೆಯೇ? ತಪ್ಪು ಯಾರದ್ದೆಂಬುದೇ ವಿವಾದದಲ್ಲಿರುವಾಗ ಕರಾರಿನ ಒಂದು ಪಕ್ಷ ತಾನೇ ನ್ಯಾಯಾಧೀಶನಾಗಲಾಗದು ಎಂದು ತೀರ್ಥಹಳ್ಳಿಯ ರಾಮೇಶ್ವರ ರೈಸ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಆಕ್ಷೇಪದ ಪತ್ರದಲ್ಲಿ ಇದನ್ನು ಉಲ್ಲೇಖಿಸಿ.

ಕಾಂಕ್ರೀಟ್ ಕಳಪೆ ಎಂಬ ಆರೋಪಕ್ಕೆ ಮಾತಿನ ಉತ್ತರ ಕೊಡಬೇಡಿ. ಎರಡೂ ಕಡೆಯವರ ಸಮ್ಮುಖದಲ್ಲಿ ಕೋರ್ (ಗಟ್ಟಿಯಾದ ಕಾಂಕ್ರೀಟಿನಿಂದ ಕೊರೆದು ತೆಗೆಯುವ ಮಾದರಿ) ತೆಗೆಸಿ. ಕಾಂಕ್ರೀಟಿನ ಭಾರತೀಯ ಮಾನಕ ಐ.ಎಸ್. 456ರ ಪ್ರಕಾರ ಕನಿಷ್ಠ ಮೂರು ಕೋರ್. ಅವುಗಳ ಸರಾಸರಿ ಬಲ ಆ ದರ್ಜೆಯ ಕ್ಯೂಬ್ ಬಲದ ಶೇ. 85ರಷ್ಟಿರಬೇಕು, ಯಾವ ಕೋರೂ ಶೇ. 75ಕ್ಕಿಂತ ಕೆಳಗಿರಬಾರದು.

ಫೈನಲ್ ಬಿಲ್ ಕೊಡುವಾಗ "ಇನ್ಯಾವ ಬಾಕಿಯೂ ಇಲ್ಲ" ಎಂಬ ಪತ್ರಕ್ಕೆ ಸಹಿ ಕೇಳುತ್ತಾರೆ. ಕೈಯಲ್ಲಿ ಕಾಸಿಲ್ಲದೆ ಸಹಿ ಮಾಡಿದ್ದರೆ ಅದೇ ದಿನ, ಹೆಚ್ಚೆಂದರೆ ಮರುದಿನ, ಒತ್ತಡದಲ್ಲಿ ಸಹಿ ಮಾಡಿದ್ದಾಗಿ ರಿಜಿಸ್ಟರ್ಡ್ ಅಂಚೆ ಮತ್ತು ಇ-ಮೇಲ್ ಎರಡರಲ್ಲೂ ತಿಳಿಸಿ. ವರ್ಷ ಕಳೆದು ಎತ್ತಿದ ಬಲವಂತದ ಮಾತನ್ನು ನಂಬುವವರು ಕಡಿಮೆ.

ಬ್ಯಾಂಕ್ ಗ್ಯಾರಂಟಿಯ ವಿಷಯದಲ್ಲಿ ಗಂಟೆಗಳ ಲೆಕ್ಕ. ಹಣ ಹೋಗುವ ಮೊದಲೇ ಆರ್ಬಿಟ್ರೇಷನ್ ಕಾಯ್ದೆಯ 9ನೇ ಕಲಂನಡಿ ಕೋರ್ಟಿಗೆ ಹೋಗಬೇಕು. ಷರತ್ತಿಲ್ಲದ ಗ್ಯಾರಂಟಿಗೆ ತಡೆ ಸಿಗುವುದು ಘೋರ ವಂಚನೆ ಅಥವಾ ಸರಿಪಡಿಸಲಾಗದ ಹಾನಿ ತೋರಿಸಿದಾಗ ಮಾತ್ರ. ಆದೇಶ ಸಿಕ್ಕರೆ 90 ದಿನಗಳಲ್ಲಿ ಆರ್ಬಿಟ್ರೇಷನ್ ಆರಂಭಿಸಲೇಬೇಕು.

ಆರ್ಬಿಟ್ರೇಷನ್ ಆರಂಭವಾಗುವುದು ಅದೇ ಕಾಯ್ದೆಯ 21ನೇ ಕಲಂನ ನೋಟಿಸ್ ಎದುರು ಪಕ್ಷಕ್ಕೆ ತಲುಪಿದ ದಿನ. ಸಾಮಾನ್ಯ ಲೀಗಲ್ ನೋಟಿಸನ್ನೇ ಇದೆಂದು ತಿಳಿದು ಎಡವುವವರಿದ್ದಾರೆ. ನೋಟಿಸ್‌ನಲ್ಲಿ ಕರಾರಿನ ವಿವರ, ಆರ್ಬಿಟ್ರೇಷನ್ ಷರತ್ತಿನ ಸಂಖ್ಯೆ, ಬೇಡಿಕೆಗಳ ಪಟ್ಟಿ ಮತ್ತು ಮೊತ್ತ, ವ್ಯಾಜ್ಯವನ್ನು ಆರ್ಬಿಟ್ರೇಷನ್‌ಗೆ ಒಪ್ಪಿಸುವ ಸ್ಪಷ್ಟ ಕೋರಿಕೆ, ನೀವು ಸೂಚಿಸುವ ಹೆಸರು ಇರಲಿ. 30 ದಿನಗಳಲ್ಲಿ ಒಪ್ಪಿಗೆ ಬರದಿದ್ದರೆ 11ನೇ ಕಲಂನಡಿ ಹೈಕೋರ್ಟಿಗೆ ಅರ್ಜಿ. ಎದುರು ಪಕ್ಷ ತನ್ನದೇ ನೌಕರನನ್ನು ಆರ್ಬಿಟ್ರೇಟರ್ ಎಂದು ಕೂರಿಸಿದರೆ 12(5) ಕಲಂ ಅದನ್ನು ತಡೆಯುತ್ತದೆ. ಸರ್ಕಾರಿ ಗುತ್ತಿಗೆಗಳಲ್ಲಿ ಒಂದೇ ಪಕ್ಷ ಏಕೈಕ ಆರ್ಬಿಟ್ರೇಟರನ್ನು ನೇಮಿಸುವ ಷರತ್ತು ಸಮಾನತೆಗೆ ವಿರುದ್ಧ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಹೇಳಿದೆ. ಆಕ್ಷೇಪವನ್ನು ಮೊದಲ ಸಭೆಯಲ್ಲೇ ದಾಖಲಿಸಿ.

ಆರ್ಬಿಟ್ರೇಟರ್‌ಗೆ ನೇಮಕದ ಸೂಚನೆ ತಲುಪಿದ 6 ತಿಂಗಳಲ್ಲಿ ವಾದಪತ್ರಗಳು ಮುಗಿಯಬೇಕು, ಅಲ್ಲಿಂದ 12 ತಿಂಗಳಲ್ಲಿ ಅವಾರ್ಡ್ ಬರಬೇಕು. ಇಬ್ಬರೂ ಒಪ್ಪಿದರೆ ಇನ್ನೂ 6 ತಿಂಗಳು. ಅದನ್ನೂ ಮೀರಿದರೆ ಕೋರ್ಟಿನ ಅನುಮತಿ. ಬೆಂಗಳೂರಿನ ಆರ್ಬಿಟ್ರೇಷನ್ ಕೇಂದ್ರದಲ್ಲಿ ನಡೆಸಿದರೆ ಶುಲ್ಕ ನಿಯಮದಂತೆ ನಿಗದಿಯಾಗಿರುತ್ತದೆ, ಪ್ರತಿ ಸಭೆಗೂ ಚೌಕಾಸಿ ಇಲ್ಲ.

ಅವಾರ್ಡ್ ಬಂದ ಮೇಲೆ ಸೋತವರಿಗೆ ಪ್ರಶ್ನಿಸಲು 3 ತಿಂಗಳು, ಸಕಾರಣವಿದ್ದರೆ ಮತ್ತೆ 30 ದಿನ. ಅದರಾಚೆ ಕೋರ್ಟಿಗೂ ವಿನಾಯಿತಿ ಕೊಡುವ ಅಧಿಕಾರವಿಲ್ಲ. ಅವಾರ್ಡನ್ನು ಪ್ರಶ್ನಿಸುವ 34ನೇ ಕಲಂನ ಅರ್ಜಿ ಹಾಕಿದ ಮಾತ್ರಕ್ಕೆ ತಡೆಯಾಜ್ಞೆ ತಾನಾಗಿ ಸಿಗುವುದಿಲ್ಲ, ಬೇರೆಯೇ ಅರ್ಜಿ ಬೇಕು. ಆ ಅರ್ಜಿ ವಿಚಾರಣೆಗೆ ಬಂದ ದಿನ ಪೂರ್ತಿ ಮೊತ್ತವನ್ನು ಠೇವಣಿ ಇಡಿಸುವಂತೆ ಕೇಳಿ, ಬ್ಯಾಂಕ್ ಗ್ಯಾರಂಟಿ ಕೊಟ್ಟು ಆ ಹಣವನ್ನು ಪಡೆಯಲು ಅನುಮತಿಯನ್ನೂ ಜೊತೆಗೇ ಕೇಳಿ.