ಅಮ್ಮನ ಪಂಚಾಂಗ ಕೇಳಿಸಿ ಸ್ಟೀರಿಯೋ ಸರಿಮಾಡಿದೆ

ಟ್ಯೂಬ್ ಆಂಪ್, ಅಂದರೆ ಗಾಜಿನ ವಾಲ್ವ್‌ಗಳ ಆಂಪ್ಲಿಫೈಯರ್ ಹಾಕದೆ ಸಹಜ ದನಿ ಬರೋದೇ ಇಲ್ಲ ಅಂತ ನಮ್ಮ ಆಡಿಯೋ ಬಳಗದಲ್ಲಿ ಎಲ್ಲರದೂ ಒಂದೇ ಮಾತು. ನಾನು ಆಂಪ್ ಮುಟ್ಟಲಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಸುಮಾರು 18 ಸಾವಿರಕ್ಕೆ ಕೊಂಡಿದ್ದು, ಈಗಲೂ ಅದೇ ಇದೆ. ಸ್ಪೀಕರ್ ಕೂಡ ಅದೇ ಹಳೇ ಟೂ-ವೇ ಬುಕ್‌ಶೆಲ್ಫ್ ಜೋಡಿ, ಕೆಳಸ್ವರಕ್ಕೊಂದು, ಮೇಲಿನ ಸ್ವರಕ್ಕೊಂದು ಡ್ರೈವರ್ ಇರುವ ಚಿಕ್ಕ ಪೆಟ್ಟಿಗೆಗಳು. ದುಡ್ಡು ಹಾಕಿದ್ದು ಹಾಲ್ ಮೇಲೆ. ಈಗ ಅದೇ ಬಳಗ ಭಾನುವಾರ ಬಂದು ಕೂತರೆ ಊಟದ ಹೊತ್ತಾದರೂ ಏಳುವುದಿಲ್ಲ.

ನಮ್ಮದು ಬೆಂಗಳೂರಿನ ಮಾಮೂಲಿ ಮನೆ. ಹಾಲ್ ಹೆಚ್ಚುಕಮ್ಮಿ 15 ಅಡಿ ಉದ್ದ, 11 ಅಗಲ, 10 ಎತ್ತರ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಒಂದು ಕಡೆ ಗಾಜಿನ ಶೋಕೇಸ್. ಚಪ್ಪಾಳೆ ತಟ್ಟಿದರೆ ಟಿಂಗ್ ಅಂತ ವಾಪಸ್ ಬರುತ್ತಿತ್ತು. ಎದುರುಬದುರು ಗೋಡೆಗಳ ನಡುವಿನ ದೂರಕ್ಕೆ ತಕ್ಕ ಕೆಳಸ್ವರ ಕೋಣೆಯಲ್ಲಿ ಉಬ್ಬಿ ಮೊಳಗುತ್ತದೆ. ಲೆಕ್ಕ ಹಾಕಿ ನೋಡಿ: 11 ಅಡಿಗೆ 51 ಹರ್ಟ್ಸ್, 10 ಅಡಿಗೆ 56. ಎರಡೂ ಅಕ್ಕಪಕ್ಕ ಬಂದು ಕೂತಿವೆ. ಉದ್ದದ ಗೋಡೆಗಳದ್ದು 38, ಅದರ ದುಪ್ಪಟ್ಟು 75. ಮೃದಂಗದ ಎಡಗೈ ಗುಮ್ಕಿ, ಅಂದರೆ ಆ ತಗ್ಗಿನ ಗುಂಯ್ ನಾದ ಬಂದಾಗಲೆಲ್ಲ ಹಾಲೇ ಗುಮ್ ಅನ್ನುತ್ತಿತ್ತು. ಮೃದಂಗದ ಎಡಬದಿಯ ರವೆ ಹಚ್ಚಿದ ಚರ್ಮದ ದನಿ ಎಲ್ಲಿ, ಈ ಗುಮ್ ಎಲ್ಲಿ!

ಇದಕ್ಕೂ ಮುಂಚೆ ಹೋದ ದುಡ್ಡಿನ ಕಥೆ ಹೇಳಿಬಿಡುತ್ತೇನೆ. ಸ್ಪೀಕರ್ ಕೇಬಲ್‌ಗೆ ಒಂಬತ್ತು ಸಾವಿರ. ಅದನ್ನು ಪರೀಕ್ಷೆ ಮಾಡಲು ನಾನು ಪರದೆಯ ಈಚೆ ಕೂತೆ, ಹೆಂಡತಿ ಆಚೆಯಿಂದ ಕೇಬಲ್ ಬದಲಿಸುತ್ತಾ ಹೋದಳು. ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಇಟ್ಟು ಮಟ್ಟ ಎರಡಕ್ಕೂ ಒಂದೇ ಇದೆ ಅಂತ ನೋಡಿಕೊಂಡಿದ್ದೆವು. ಅದು ಮಾಡದಿದ್ದರೆ ಚೂರು ಜೋರಾಗಿ ಇರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ನನ್ನ ಉತ್ತರ ನಾಣ್ಯ ಚಿಮ್ಮಿದ್ದಕ್ಕಿಂತ ಮೇಲೇನಿರಲಿಲ್ಲ. ಕೇಬಲ್ ಅರ್ಧ ಬೆಲೆಗೆ ಹೋಯಿತು. ಆಮೇಲೆ ಆನ್‌ಲೈನ್‌ನಲ್ಲಿ ತರಿಸಿದ ಒಂದಿಂಚಿನ ಪಿರಮಿಡ್ ಫೋಮ್, ನಾಲ್ಕು ಸಾವಿರದ ಮೇಲೆ. ತಾಳದ ಕಿಣಿಕಿಣಿಯನ್ನು ಅದು ನುಂಗಿ ಹಾಕಿತು, ಗುಮ್ ಮಾತ್ರ ಹಾಗೇ ಉಳಿಯಿತು. ತೆಳು ಫೋಮ್ ಮಾಡೋದೇ ಅಷ್ಟು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸೋದರ ಬಗ್ಗೆ ಕೇಳಲೇಬೇಡಿ.

ಇನ್ನು ಅಸಲು ವಿಷಯ. ಸಹಜ ಅಂದರೆ ಯಾವುದಕ್ಕೆ ಹೋಲಿಸಿ? ರೆಕಾರ್ಡಿಂಗ್ ಆದಾಗ ಆ ಸ್ಟುಡಿಯೋದಲ್ಲಿ ನಾನಿರಲಿಲ್ಲ, ನೀವೂ ಇರಲಿಲ್ಲ. ಹಾಗಾಗಿ ದಿನಾ ಕೇಳುವ ದನಿಯನ್ನೇ ಹಿಡಿದೆ, ಅಮ್ಮನದು. ಬೆಳಗಿನ ಜಾವ ಗಾಡಿಗಳ ಸದ್ದು ಶುರುವಾಗುವ ಮೊದಲು ತಾರಸಿಯ ನಡುವೆ ಹಾಸಿಗೆ ಹಾಸಿ, ಅಳತೆಯ ಮೈಕ್ ಮುಂದೆ ಕೂರಿಸಿ ಪಂಚಾಂಗ ಓದಿಸಿದೆ. ತಾರಸಿ ಯಾಕೆಂದರೆ ಅಲ್ಲಿ ಗೋಡೆ ಇಲ್ಲ, ದನಿಗೆ ಇನ್ನೊಂದು ಕೋಣೆಯ ಗುಂಗು ಅಂಟುವುದಿಲ್ಲ. ಪಂಚಾಂಗ ಯಾಕೆಂದರೆ ಶುಕ್ಲ ಪಕ್ಷ, ಷಷ್ಠಿ, ಶ್ರವಣ ನಕ್ಷತ್ರ ಅಂತ ಶ, ಷ, ಸಗಳ ಸಂತೆಯೇ ಅಲ್ಲಿದೆ. ಮೇಲಿನ ಸ್ವರ ನುಡಿಸುವ ಟ್ವೀಟರ್ ಸುಳ್ಳು ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇದು ನನ್ನ ಕಲ್ಪನೆಯೇನಲ್ಲ. ಸ್ಪೀಕರ್ ಮಾಡುತ್ತಿದ್ದ ಅಮೆರಿಕದ ಎ.ಆರ್. (ಅಕೌಸ್ಟಿಕ್ ರಿಸರ್ಚ್) ಕಂಪನಿಯವರು 1950ರ ದಶಕದ ಕೊನೆಯ ಹೊತ್ತಿಗೇ ವೇದಿಕೆ ಮೇಲೆ ಪಿಟೀಲಿನವರನ್ನು ಕೂರಿಸಿ, ಅವರು ನಡುವೆ ನುಡಿಸೋದು ನಿಲ್ಲಿಸಿದಾಗ ಸ್ಪೀಕರ್ ಮುಂದುವರಿಸುವಂತೆ ಮಾಡಿ ಜನರನ್ನು ಬೇಸ್ತು ಬೀಳಿಸುತ್ತಿದ್ದರು.

ತಾರಸಿಯಲ್ಲಿ ಹಿಡಿದ ಅಮ್ಮನ ದನಿಯನ್ನು ಒಂದೇ ಸ್ಪೀಕರ್‌ನಲ್ಲಿ ಹಾಕಿ, ಪಕ್ಕದಲ್ಲೇ ಅಮ್ಮನನ್ನು ನಿಲ್ಲಿಸಿದೆ. ಒಂದೇ ಸ್ಪೀಕರ್ ಅನ್ನೋದು ಮುಖ್ಯ. ಎರಡರಲ್ಲೂ ಹಾಕಿದರೆ ಎಡದ ಸದ್ದು ಬಲಗಿವಿಗೂ ಬಂದು ಎರಡು ಸಾವಿರ ಹರ್ಟ್ಸ್ ಹತ್ತಿರ ತಗ್ಗು ಬೀಳುತ್ತದೆ, ದನಿ ಚೂರು ಮಂಕಾಗುತ್ತದೆ. ಮೊದಲ ಸಲ ಅಮ್ಮ ಕೇಳಿಸಿಕೊಂಡು, “ಯಾರೋ ಇದು, ನೆಗಡಿಯಾದವರ ಥರ ಮಾತಾಡ್ತಾ ಇದಾರೆ” ಅಂದರು. ಸ್ಪೀಕರ್ ಟಿವಿ ಸ್ಟ್ಯಾಂಡ್ ಮೇಲೆ ಗೋಡೆಗೆ ಅಂಟಿಕೊಂಡಿತ್ತು. ಇನ್ನೂರು ಹರ್ಟ್ಸ್‌ನಿಂದ ಕೆಳಗೆ ಎಲ್ಲ ಉಬ್ಬಿತ್ತು.

ಗೋಡೆಯಿಂದ ಎರಡು ಅಡಿ ತಂದೆ. ಉಬ್ಬು ಇಳಿಯಿತು, ಆದರೆ 140ರ ಹತ್ತಿರ ಗುಂಡಿ ಬಿತ್ತು. ಹಿಂದಿನ ಗೋಡೆಗೆ ಬಡಿದು ಬಂದ ಅಲೆ ಅಲ್ಲಿ ಎದುರಾಗಿ ಸ್ಪೀಕರ್‌ನ ಸದ್ದನ್ನು ಅಳಿಸುತ್ತದೆ. ನಾಲ್ಕು ಅಡಿಗೆ ತಂದಾಗ ದನಿ ಮೈಬಿಟ್ಟಿತು. ಹಾಲ್ ಮಧ್ಯೆ ಸ್ಪೀಕರ್ ಇಟ್ಟರೆ ಮನೆಯವರು ಓಡಾಡೋದು ಹೇಗೆ? ಟೈಲ್ಸ್ ಮೇಲೆ ಹಳದಿ ಟೇಪ್ ಗುರುತು ಅಂಟಿಸಿದ್ದೇನೆ. ಕೇಳುವಾಗ ಮುಂದೆ ತರೋದು, ಆದಮೇಲೆ ಹಿಂದಕ್ಕೆ. ಸ್ಟ್ಯಾಂಡನ್ನು ವೆಲ್ಡಿಂಗ್ ಅಂಗಡಿಯಲ್ಲಿ ಜೋಡಿಗೆ ಮೂರೂವರೆ ಸಾವಿರಕ್ಕೆ ಮಾಡಿಸಿದೆ, ಒಳಗೆ ಎಂ-ಸ್ಯಾಂಡ್ ತುಂಬಿಸಿದೆ. ಟ್ವೀಟರ್ ಸೋಫಾದಲ್ಲಿ ಕೂತವರ ಕಿವಿಯ ಮಟ್ಟಕ್ಕೆ. ಎಷ್ಟು ಒಳಕ್ಕೆ ತಿರುಗಿಸಿದ್ದೇನೆ ಅನ್ನೋದನ್ನು ಮಾತ್ರ ಹೇಳುವುದಿಲ್ಲ, ನೀವೇ ಪಂಚಾಂಗ ಹಾಕಿ ಹುಡುಕಿ.

ಗೋಡೆಯ ಮಾರ್ದನಿ ಹೀರುವ ಪ್ಯಾನೆಲ್‌ಗೆ 50 ಎಂಎಂ ರಾಕ್‌ವೂಲ್ (ಕಲ್ಲಿನ ನಾರಿನ ಹಾಳೆ), ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯದು. ಹಾಳೆಗೆ ಮುನ್ನೂರೋ ಮುನ್ನೂರೈವತ್ತೋ ಕೊಟ್ಟ ನೆನಪು. ಮರದ ರೀಪರ್ ಚೌಕಟ್ಟು, ಮೇಲೆ ಖಾದಿ ಬಟ್ಟೆ. ಬಟ್ಟೆಗೆ ಬಾಯಿ ಇಟ್ಟು ಊದಿದರೆ ಗಾಳಿ ಆಚೆ ಹೋಗಬೇಕು, ಇಲ್ಲದಿದ್ದರೆ ಬೇಡ. ಪಕ್ಕದ ಗೋಡೆಗಳಲ್ಲಿ ಕನ್ನಡಿ ಹಿಡಿದು, ಸೋಫಾದಿಂದ ಸ್ಪೀಕರ್ ಎಲ್ಲಿ ಕಾಣುತ್ತದೋ ಆ ಜಾಗ ಗುರುತಿಸಿದೆ. ಗೋಡೆಗೆ ಅಂಟಿಸದೆ ಎರಡಿಂಚು ಬಿಟ್ಟು ನೇತುಹಾಕಿದರೆ ಜಾಸ್ತಿ ಕೆಲಸ ಮಾಡುತ್ತದೆ. ತುಂಬು ತೋಳಿನ ಅಂಗಿ, ಮಾಸ್ಕ್ ಇಲ್ಲದೆ ರಾಕ್‌ವೂಲ್ ಮುಟ್ಟಬೇಡಿ, ಎರಡು ದಿನ ಕೆರೆತ. ಎಲ್ಲ ಸೇರಿ ಹನ್ನೊಂದು ಸಾವಿರ ಆಗಿರಬಹುದು.

ನಡುವೆ ಸುಮ್ನೆ ಒಂದಷ್ಟು ಪ್ರಯೋಗ. ನವಲಗುಂದದ ಜಮಖಾನ ಹಾಸಿದೆ. ನೋಡಲು ಚೆಂದ, ಟಿಂಗ್ ಅನ್ನೋದು ಕಡಿಮೆಯಾಯಿತು, ಕೆಳಗಿನ ಸ್ವರಕ್ಕೆ ಏನೂ ಇಲ್ಲ. ಊರಿಂದ ತಂದ ಎರಡು ಹಳೇ ಹತ್ತಿ ಹಾಸಿಗೆಗಳನ್ನು ಸುತ್ತಿ ಮೂಲೆಗಳಲ್ಲಿ ನಿಲ್ಲಿಸಿದ್ದು ಮಾತ್ರ ಆಶ್ಚರ್ಯ. 75 ಹರ್ಟ್ಸ್ ಸದ್ದು ನಿಂತ ಮೇಲೂ ಎಳೆಯುತ್ತಿದ್ದ ಬಾಲ, ಮೈಕ್‌ನ ಅಳತೆಯಲ್ಲಿ ಕಣ್ಣಿಗೆ ಕಾಣುವಷ್ಟು ಮೊಟಕಾಯಿತು. ಕೆಳಸ್ವರ ಹೀರುವ ಪುಕ್ಕಟೆ ಬಾಸ್ ಟ್ರ್ಯಾಪ್! ತೆಂಗಿನ ನಾರಿನ ಹಾಸಿಗೆ ಅಷ್ಟು ಕೆಲಸ ಮಾಡಲಿಲ್ಲ. ಹತ್ತಿ ಜೊತೆ ಇನ್ನೊಂದು ವಸ್ತು ಸೇರಿಸಿದ್ದೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಉಳಿದ 51ರ ಉಬ್ಬನ್ನು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ನ ಈಕ್ವಲೈಜರ್‌ನಲ್ಲಿ ಏಳೆಂಟು ಡಿಬಿ (ಡೆಸಿಬಲ್) ತಗ್ಗಿಸಿದೆ. ತಗ್ಗಿಸೋದು ಮಾತ್ರ, ಏರಿಸೋದಿಲ್ಲ. 300 ಹರ್ಟ್ಸ್‌ನ ಮೇಲೆ ಈಕ್ವಲೈಜರ್ ಮುಟ್ಟಿಲ್ಲ.

ಇಷ್ಟಾದ ಮೇಲೆ ವಾಲ್ಯೂಮ್. ಫ್ಲೆಚರ್ ಮತ್ತು ಮನ್ಸನ್ ಅನ್ನೋ ಸಂಶೋಧಕರು 1933ರಲ್ಲೇ ತೋರಿಸಿದ್ದು, ಸದ್ದಿನ ಮಟ್ಟ ಬದಲಾದರೆ ಕೆಳಸ್ವರ ಕಿವಿಗೆ ಬೀಳುವ ರೀತಿಯೇ ಬದಲಾಗುತ್ತದೆ. ಅಮ್ಮ ಒಂದು ಮೀಟರ್ ದೂರದಲ್ಲಿ ಮಾತಾಡಿದರೆ 60 ಡಿಬಿ ಆಸುಪಾಸು. ಅಷ್ಟಕ್ಕೇ ಇಟ್ಟಾಗ ಅಮ್ಮ, 70ಕ್ಕೆ ಇಟ್ಟರೆ ರಾಕ್ಷಸಿ. ತಂಬೂರಿಯನ್ನು ಲೌಡ್‌ಸ್ಪೀಕರ್ ಮಟ್ಟದಲ್ಲಿ ಕೇಳಿ ಸಹಜವಾಗಿಲ್ಲ ಅನ್ನುವವರಿಗೆ ನಾನು ಏನು ಹೇಳಲಿ?

ಬಳಗದವರನ್ನು ಕರೆದು, ಪಂಚೆಯ ಪರದೆ ಕಟ್ಟಿ, ಆಚೆ ಅಮ್ಮನನ್ನು ನಿಲ್ಲಿಸಿದೆ. ಸ್ಪೀಕರ್ ಓದುತ್ತಿದ್ದ ಪಂಚಾಂಗವನ್ನು ನಡುವೆ ಅಮ್ಮ ಎತ್ತಿಕೊಂಡರು. ಬದಲಾವಣೆಯ ಜಾಗ ಸರಿಯಾಗಿ ಹೇಳಿದ್ದು ಒಬ್ಬರೇ, ಅದೂ ಅಮ್ಮ ಕೆಮ್ಮಿದ್ದಕ್ಕೆ. ಟ್ಯೂಬ್ ಆಂಪ್ ವಾದದವರು ಅವತ್ತೇ ರಾಕ್‌ವೂಲ್ ಅಂಗಡಿ ನಂಬರ್ ಕೇಳಿದರು.

ಬಾಕಿ ಇರೋದು 56 ಹರ್ಟ್ಸ್‌ನ ಉಬ್ಬು, ನೆಲಕ್ಕೂ ಸೂರಿಗೂ ನಡುವಿನದು. ಸೂರಿಗೆ ಪ್ಯಾನೆಲ್ ತೂಗುಹಾಕಬೇಕು. ಕೆಲಸದವನು ಎಂಟು ಸಾವಿರ ಕೇಳಿದ್ದಾನೆ, ನಾನು ಆರಕ್ಕೆ ನಿಂತಿದ್ದೇನೆ.