ಬೋಟ್ ಕೊಳ್ಳುವ ಮೊದಲು ಹಿಂದಿನ ಕೊಳವೆ ನೋಡಿ

ಕ್ಯಾಲಿಫೋರ್ನಿಯಾಕ್ಕೆ ಬಂದು ಎರಡು ಬೇಸಿಗೆ ಕಳೆಯುವಷ್ಟರಲ್ಲಿ ನಮ್ಮವರಲ್ಲಿ ಯಾರಿಗಾದರೂ ಮೋಟಾರ್ ಬೋಟಿನ ಹುಚ್ಚು ಹಿಡಿದೇ ಹಿಡಿಯುತ್ತದೆ. ಹಿಡಿಯಲಿ. ಆದರೆ ಸೆಕೆಂಡ್ ಹ್ಯಾಂಡ್ ಬೋಟ್ ನೋಡಲು ಹೋದಾಗ ಬಣ್ಣ, ಸೀಟು, ಸ್ಪೀಕರ್ ಆಮೇಲೆ. ಮೊದಲು ಹಿಂಭಾಗಕ್ಕೆ ಹೋಗಿ ಬಗ್ಗಿ ನೋಡಿ.

ಎಷ್ಟೋ ಬೋಟುಗಳಲ್ಲಿ ಎಂಜಿನ್ನಿನ ಹೊಗೆ ಪ್ರೊಪೆಲ್ಲರಿನ ನಡುವಿನಿಂದ ನೀರಿನೊಳಗೇ ಹೋಗುತ್ತದೆ. ಅರ್ಧಕ್ಕರ್ಧ ಸದ್ದನ್ನು ಕೆರೆಯೇ ನುಂಗಿಬಿಡುತ್ತದೆ. ಶೋಕಿಯವರು ಹಿಂದಿನ ಹಲಗೆ ಕೊರೆಸಿ, ನೀರಿನ ಮಟ್ಟಕ್ಕಿಂತ ಮೇಲೆ ಎರಡು ದಪ್ಪ ಕೊಳವೆ ಕೂರಿಸಿರುತ್ತಾರೆ. ಕೆಲವದರಲ್ಲಿ ಒಂದು ಸ್ವಿಚ್ ಇರುತ್ತದೆ, ಒತ್ತಿದರೆ ಹೊಗೆಯ ದಾರಿ ಬದಲಾಗಿ ಗುಡುಗು ಶುರು.

ಸದ್ದಿಗೆ ಕಾನೂನಿನ ಮಿತಿ ಇಷ್ಟು: 1993ರ ಜನವರಿ 1ಕ್ಕಿಂತ ಮೊದಲು ತಯಾರಾದ ಎಂಜಿನ್ನಿಗೆ 90 ಡೆಸಿಬಲ್, ಆಮೇಲಿನದಕ್ಕೆ 88. ಇದು ಬೋಟ್ ನಿಂತಿರುವಾಗ ಹತ್ತಿರದಿಂದ ಅಳೆಯುವ ಲೆಕ್ಕ. ದಡದಲ್ಲಿ ಅಳೆದರೆ 75 ದಾಟುವಂತಿಲ್ಲ. ಎರಡು ಮೂರು ಡೆಸಿಬಲ್ ಏನು ಮಹಾ ಅನ್ನಬೇಡಿ. ಮೂರು ಹೆಚ್ಚಿದರೆ ಸದ್ದಿನ ಶಕ್ತಿ ಇಮ್ಮಡಿಯಾಯಿತೆಂದೇ ಅರ್ಥ.

ನನ್ನ ಸ್ನೇಹಿತರೊಬ್ಬರು ಕೊಂಡ ಬೋಟಿಗೆ ಇಂಥದೇ ಜೋಡಿ ಕೊಳವೆ. ಮೂರನೇ ವಾರಕ್ಕೇ ಗಸ್ತಿನವರು ಪಕ್ಕಕ್ಕೆ ಬಂದು, ಕೋಲಿನ ತುದಿಗೆ ಮೈಕ್ ಕಟ್ಟಿ ಹಿಡಿದರು. "ನಾನು ವೇಗ ಹೆಚ್ಚಿಸಲೇ ಇಲ್ಲವಲ್ಲ" ಅಂದರು ಇವರು. ಪರೀಕ್ಷೆ ಮಾಡುವುದೇ ನ್ಯೂಟ್ರಲ್‌ನಲ್ಲಿ, ಎಂಜಿನ್ ಸುಮ್ಮನೆ ಓಡುವಾಗ! ಮೀಟರ್ 94 ತೋರಿಸಿತು. ದಂಡವೂ ಇವರದೇ, ಸೈಲೆನ್ಸರ್ ಖರ್ಚೂ ಇವರದೇ. ಮಾರಿದವನು ಫೋನ್ ಎತ್ತಲಿಲ್ಲ.

ಸಂಜೆ ಇನ್ನೂ ಜಾಗ್ರತೆ. ನೀರಿನ ಮೇಲಿನ ಗಾಳಿ ತಣ್ಣಗಿದ್ದು ಅದರ ಮೇಲಿನದು ಬೆಚ್ಚಗಿದ್ದರೆ ಸದ್ದು ಮೇಲೆ ಹೋಗದೆ ಬಾಗಿ, ಕೆರೆಯುದ್ದಕ್ಕೂ ಸಾಗುತ್ತದೆ. ನಿಮ್ಮ ಹಾಡು, ನಗು, ಜಗಳ ಎಲ್ಲವೂ ಆಚೆ ದಡದ ಮನೆಗಳಿಗೆ ಸ್ಪಷ್ಟ. ಅವರಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯದಲ್ಲಿ ಏನಾದರೂ ಅಂದೀರಿ, ಹುಷಾರು!

ಕೆಲವು ಕೆರೆಗಳಿಗೆ ತಮ್ಮದೇ ನಿಯಮಗಳಿವೆ. ಟಾಹೋದಲ್ಲಿ ದಡದಿಂದ 600 ಅಡಿಯೊಳಗೆ ಅಲೆ ಏಳಿಸುವಂತಿಲ್ಲ, ಅಂದರೆ ಗಂಟೆಗೆ 5 ಮೈಲಿಯ ಮೇಲಿಲ್ಲ. 2025ರಿಂದ ರಾಜ್ಯದ ನೀರಿನಲ್ಲಿ ಮೋಟಾರ್ ಬೋಟ್ ನಡೆಸುವವರು, ವಯಸ್ಸು ಎಷ್ಟೇ ಆಗಿರಲಿ, ಬೋಟರ್ ಕಾರ್ಡ್, ಅಂದರೆ ಸುರಕ್ಷತಾ ಪರೀಕ್ಷೆ ಪಾಸಾದವರಿಗೆ ಕೊಡುವ ಕಾರ್ಡ್, ಇಟ್ಟುಕೊಂಡಿರಬೇಕು.

ಕೊನೆಗೊಂದು ಮಾತು. ಮಾರುವವರು ಟ್ರೈಲರ್ ಮೇಲೇ ಪೈಪ್ ನೀರು ಕೊಟ್ಟು ಎಂಜಿನ್ ಚಾಲೂ ಮಾಡಿ ತೋರಿಸಿದರೆ ಅದರಿಂದ ಸದ್ದಿನ ಅಂದಾಜು ಸಿಗದು. ನೀರೊಳಗೆ ಹೋಗಬೇಕಾದ ಹೊಗೆ ಅಲ್ಲಿ ಬಯಲಿಗೇ ಬರುತ್ತಿರುತ್ತದೆ. ಕೆರೆಗಿಳಿಸಿ ಕೇಳಿ. ಸ್ವಿಚ್ ಇದ್ದರೆ ಎರಡೂ ಕಡೆ ಹಾಕಿಸಿ ಕೇಳಿ.